ಖಟಕ ಚಿಂಚೋಳಿಯ ಹಿತ್ತಲು ಮತ್ತು ಕಲ್ಯಾಣದ ರಾಜ

ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ನಮ್ಮೂರಿನಲ್ಲಿ ಹೆಂಗಸರು ಮಲಗುವುದು ತಡ. ಒಂದು ಒಲೆಯ ಮೇಲೆ ಭಜ್ಜಿ, ಇನ್ನೊಂದರ ಮೇಲೆ ಸಜ್ಜೆ ಕಡುಬು, ಮೂಲೆಯಲ್ಲಿ ಹೊಸ ಮಡಕೆಯೊಳಗೆ ಹುಳಿ ಬರುತ್ತಿರುವ ಜೋಳದ ಅಂಬಲಿ. ಬೆಂಗಳೂರಿನ ಗೆಳೆಯರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ತಿಂಡಿ ನೆನಪಾಗುತ್ತದೆ. ನಮ್ಮ ಭಜ್ಜಿ ಬೇರೆ. ಹಸಿ ಕಡಲೆ, ಹಸಿ ತೊಗರಿ, ಅವರೆ ಕಾಳು, ಮೆಂತ್ಯ, ಪಾಲಕ್, ಈರುಳ್ಳಿ ಸೊಪ್ಪು, ಬದನೆ, ಗಜ್ಜರಿ, ಆ ಹೊತ್ತಿಗೆ ಹೊಲದಲ್ಲಿ, ಹಿತ್ತಲಲ್ಲಿ ಏನು ಹಸಿರಾಗಿದೆಯೋ ಅದೆಲ್ಲ ಒಂದೇ ಪಾತ್ರೆಗೆ ಬಿದ್ದು, ಹುಣಸೆ ಹುಳಿ ಮತ್ತು ಕಡಲೆ ಹಿಟ್ಟಿನೊಂದಿಗೆ ಗಟ್ಟಿಯಾಗಿ ಕುದಿಯುವ ಪಲ್ಯ ಅದು. ಬೆಳಗಾದರೆ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಹೊಲಕ್ಕೆ ಹೊತ್ತೊಯ್ಯುತ್ತೇವೆ. ಜೋಳದ ದಂಟಿನ ಗೂಡಿನಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ನೆಂಟರು, ದಾರಿಹೋಕರು ಎಲ್ಲರೂ ಕೂತು ಉಣ್ಣುತ್ತೇವೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ರಾತ್ರಿ ನಾನು ಒಲೆಯ ಪಕ್ಕ ನೋಟ್‌ಬುಕ್ ಹಿಡಿದು ಕೂತೆ. ಭಜ್ಜಿಗೆ ಏನೇನು ಹಾಕಬೇಕು ಎಂದು ಅವ್ವನನ್ನು ಕೇಳಿದೆ.

‘ಹಿತ್ತಲದಾಗ ಏನ್ ಅದಾ, ಅದು ಹಾಕ್ಬೇಕು.’

‘ಎಷ್ಟು?’

‘ಸಾಕಾಗೋವಷ್ಟು.’

ಅಲ್ಲಿಗೆ ಸಂದರ್ಶನ ಮುಗಿಯಿತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ದಾಖಲೆ ಇಲ್ಲದ್ದನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳಿ ಸಂಬಳ ಪಡೆಯುವವನು. ನಾನು ಹುಟ್ಟಿದಂದಿನಿಂದ ಉಂಡದ್ದರ ಬಗ್ಗೆ ಒಂದು ಸಾಲಿನ ದಾಖಲೆಯೂ ನಮ್ಮ ಮನೆಯಲ್ಲಿ ಇರಲಿಲ್ಲ ಎಂಬುದು ಅಂದು ಮೊದಲ ಬಾರಿಗೆ ನನ್ನನ್ನು ಚುಚ್ಚಿತು.

ಖಟಕ ಚಿಂಚೋಳಿ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಒಂದು ಹೋಬಳಿ. ಕಲಬುರಗಿ ಜಿಲ್ಲೆಯ ಚಿಂಚೋಳಿಯೊಂದಿಗೆ ಇದನ್ನು ಕಲಸಿಕೊಳ್ಳುವವರು ಬಹಳ. ಮರಾಠಿಯಲ್ಲಿ ಚಿಂಚ ಎಂದರೆ ಹುಣಸೆ. ಮರಾಠಿ ಗೊತ್ತಿದ್ದವರಿಗೆ ನಮ್ಮೂರಿನ ಹೆಸರಿನೊಳಗೆ ಆ ಮರ ಕೇಳಿಸದೆ ಇರದು. ಪಕ್ಕದ ತಾಲ್ಲೂಕು ಬಸವಕಲ್ಯಾಣ. ಈಗ ಅದು ತಾಲ್ಲೂಕು ಪಟ್ಟಣ. ಹನ್ನೊಂದನೆಯ ಶತಮಾನದ ನಡುವಿನಿಂದ ಸುಮಾರು ನೂರು ವರ್ಷ ಅದು ಕಲ್ಯಾಣ ಚಾಲುಕ್ಯರ ರಾಜಧಾನಿ. ನಾವು ಪಾಠದಲ್ಲಿ ಅವರ ಯುದ್ಧಗಳನ್ನು ಹೇಳುತ್ತೇವೆ, ಚೋಳರೊಂದಿಗಿನ ಕಾದಾಟ, ಆರನೆಯ ವಿಕ್ರಮಾದಿತ್ಯನ ಶಕೆ, ಬಿಲ್ಹಣ, ವಿಜ್ಞಾನೇಶ್ವರ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನಿಗೆ ಬಂದಾಗ ‘ಸರ್ವಜ್ಞ’ ಎಂಬ ಬಿರುದು, ‘ಮಾನಸೋಲ್ಲಾಸ’ ಎಂಬ ಗ್ರಂಥ ಎಂದು ಎರಡು ಸಾಲು ಬರೆಸಿ ಮುಂದೆ ಹೋಗುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ. ಅವ್ವನ ಉತ್ತರದ ನಂತರ ಆ ಗ್ರಂಥವನ್ನು ತೆರೆದೆ.

‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಭಾಷೆ ಸಂಸ್ಕೃತ. ಕಾಲ ಸುಮಾರು 1129. ಐದು ವಿಂಶತಿಗಳು, ಪ್ರತಿಯೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಇದರ ಮೂರು ಸಂಪುಟಗಳು 1925ರಿಂದ 1961ರವರೆಗೆ ಪ್ರಕಟವಾದವು. ಮೊದಲ ಎರಡು ವಿಂಶತಿ ರಾಜ್ಯವನ್ನು ಗಳಿಸುವುದು, ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ. ಉಳಿದ ಮೂರು, ಎಂದರೆ ಅರ್ಧಕ್ಕಿಂತ ಹೆಚ್ಚು, ರಾಜನ ಉಪಭೋಗ, ವಿನೋದ ಮತ್ತು ಕ್ರೀಡೆಗಳಿಗೆ ಮೀಸಲು. ಅವನು ಏನು ಉಣ್ಣಬೇಕು, ಯಾವ ಋತುವಿನಲ್ಲಿ ಯಾವ ರುಚಿ, ಹೂವು, ಗಂಧ, ಹಾಡು, ಚಿತ್ರ, ಕಥೆ, ತೋಟ. ಇಂದಿನ ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ತೋಟಗಾರಿಕೆ, ಅಡುಗೆ, ಹವ್ಯಾಸ ಎಂದು ಮೂರು ಪುಟ ಇರುತ್ತವಲ್ಲ, ಅವು ಮೂರೂ ಇದರಲ್ಲಿವೆ.

ಅನ್ನಭೋಗದ ಅಧ್ಯಾಯದಲ್ಲಿ ಉದ್ದಿನಿಂದ ಮಾಡಿ ಮೆಣಸು, ಜೀರಿಗೆ, ಇಂಗಿನ ರುಚಿ ಕೊಟ್ಟ ಇಡ್ಡರಿಕೆ ಇದೆ. ದೋಸಕ ಇದೆ, ವಟಕ ಇದೆ, ಮಂಡಕ ಇದೆ. ಇಡ್ಲಿ, ದೋಸೆ, ವಡೆ, ಮಂಡಿಗೆ ಎಂದು ನೀವೇ ಓದಿಕೊಳ್ಳಬಹುದು. ಹಲವು ಬೇಳೆಗಳನ್ನು ಸೇರಿಸಿ ಮಾಡುವ ವಿದಲಪಾಕವೂ ಇದೆ. ಅದನ್ನು ಓದುವಾಗ ನನ್ನ ಮೂಗಿಗೆ ಭಜ್ಜಿಯ ವಾಸನೆ ಬಂತು ಎಂದರೆ ಸಹೋದ್ಯೋಗಿಗಳು ನಗುತ್ತಾರೆ.

ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಕ್ರೀಡೆಗಳ ಪಟ್ಟಿ. ಆಂದೋಲನ ಕ್ರೀಡೆ, ಎಂದರೆ ಜೋಕಾಲಿ. ಜ್ಯೋತ್ಸ್ನಾ ಕ್ರೀಡೆ, ಬೆಳದಿಂಗಳ ಆಟ. ಪ್ರಹೇಲಿಕಾ ಕ್ರೀಡೆ, ಒಗಟು ಬಿಡಿಸುವುದು. ವನಕ್ರೀಡೆ, ತೋಟದ ವಿಹಾರ. ಮತ್ತು ಸಸ್ಯಕ್ರೀಡೆ, ಹೆಸರೇ ಹೇಳುವಂತೆ ಪೈರಿನ ನಡುವೆ ನಲಿಯುವುದು. ನಮ್ಮೂರಿನ ವರ್ಷವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ನಾಗರ ಪಂಚಮಿಗೆ ಬೇವಿನ ಕೊಂಬೆಗೆ ಜೋಕಾಲಿ. ಹುಣ್ಣಿಮೆಗೆ ಅಂಗಳದಲ್ಲಿ ಬೆಳದಿಂಗಳ ಊಟ. ಉಂಡ ಮೇಲೆ ಅಜ್ಜಿಯರ ಒಗಟು. ಎಳ್ಳ ಅಮಾವಾಸ್ಯೆಗೆ ಹೊಲದ ಊಟ.

ಇದನ್ನು ರಾಜನಿಂದ ಹಳ್ಳಿ ಕಲಿಯಿತೇ, ಹಳ್ಳಿಯಿಂದ ರಾಜ ಕಲಿತನೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನೇರ ಗೆರೆ ಎಳೆಯಲು ನನ್ನ ಬಳಿ ಪುರಾವೆ ಇಲ್ಲ, ಎಳೆಯುವುದೂ ಇಲ್ಲ. ನಾನು ಹೇಳುವುದು ಇಷ್ಟೇ. ಪೈರು ಬೆಳೆದ ಹೊಲಕ್ಕೆ ರಾಜ ಆಟಕ್ಕೆ ಹೋದನಾದರೆ, ಆ ಪೈರನ್ನು ಬಿತ್ತಿ, ಕಳೆ ಕಿತ್ತು, ಹಕ್ಕಿ ಕಾಯ್ದವರು ಅಲ್ಲಿ ಅದಕ್ಕೂ ಮೊದಲೇ ಇದ್ದರು. ಅವನ ಸಂತೋಷಕ್ಕೆ ಒಂದು ಅಧ್ಯಾಯ ಸಿಕ್ಕಿತು. ಅವರದ್ದಕ್ಕೆ ಸಿಗಲಿಲ್ಲ.

ಸಂಸ್ಕೃತ ಅರಮನೆಯ ಭಾಷೆ, ಅದಕ್ಕೇ ಹೀಗೆ ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ. ಮಾನಸೋಲ್ಲಾಸಕ್ಕೆ ಸುಮಾರು ನೂರು ವರ್ಷ ಮೊದಲೇ, 1025ರ ಹೊತ್ತಿಗೆ, ಇದೇ ಚಾಲುಕ್ಯ ವಂಶದ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ವನ್ನು ಕನ್ನಡದಲ್ಲಿ ಬರೆದ. ಹೆಸರು ನೋಡಿ, ಲೋಕಕ್ಕೆ ಉಪಕಾರ. ನೆಲದೊಳಗಿನ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧ ತಯಾರಿಕೆ, ಅಡುಗೆ, ಮನುಷ್ಯರ ಮತ್ತು ದನಗಳ ಔಷಧ, ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ನುಣ್ಣಗೆ ರುಬ್ಬಿ ಇಡ್ಡಲಿಗೆ ಮಾಡುವ ಕ್ರಮ ಹೇಳುವವನೂ ಅವನೇ. ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಅದಕ್ಕೂ ಮೊದಲೇ ಬಂದಿತ್ತು, ಮಾಡುವ ಬಗೆಯನ್ನು ಬರೆದವನು ಚಾವುಂಡರಾಯ. ಕನ್ನಡದಲ್ಲಿ ಹಿತ್ತಲಿನ ಮತ್ತು ಒಲೆಯ ಜ್ಞಾನ ಬರವಣಿಗೆಗೆ ಇಳಿದು ಸಾವಿರ ವರ್ಷವಾಯಿತು.

ಇನ್ನೂ ಒಂದು ಸಂಗತಿ. ಸೋಮೇಶ್ವರ ತೀರಿಕೊಂಡದ್ದು 1138ರಲ್ಲಿ. ನಂತರದ ದಶಕಗಳಲ್ಲಿ ಅದೇ ಕಲ್ಯಾಣಕ್ಕೆ ಶರಣರು ಬಂದರು. ಅವರ ನಡುವೆ ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ಇದ್ದಳು, ನೂಲುವ ಕದಿರ ರೆಮ್ಮವ್ವೆ ಇದ್ದಳು, ಕೊಟ್ಟಣ ಕುಟ್ಟುವ ಸೋಮಮ್ಮ ಇದ್ದಳು. ಕೈಯಲ್ಲಿ ಮೊರ, ಕದಿರು, ಒನಕೆ ಹಿಡಿದ ಹೆಂಗಸರು ತಮ್ಮ ಮಾತಿನಲ್ಲಿ ವಚನ ಹೇಳಿದರು, ಅವು ಅವರ ಹೆಸರಿನಲ್ಲೇ ಉಳಿದವು. ಇದೆಲ್ಲ ನಡೆದದ್ದು ನಮ್ಮೂರಿನಿಂದ ಎತ್ತಿನ ಗಾಡಿಯಲ್ಲಿ ಹೋಗಿಬರುವ ದೂರದಲ್ಲಿ.

ಅದೇ ನೆಲದಲ್ಲಿ, ಎಂಟುನೂರು ವರ್ಷಗಳ ನಂತರ ಹುಟ್ಟಿದ ನನ್ನ ಅಜ್ಜಿ ಸಾಯುವವರೆಗೂ ಹೆಬ್ಬೆಟ್ಟು ಒತ್ತಿದಳು.

ಅವಳಿಗೆ ಏನು ಗೊತ್ತಿತ್ತು ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹಿತ್ತಲಿನ ಕ್ಯಾಲೆಂಡರ್ ಅವಳಿಗೆ ಮಳೆಯ ನಕ್ಷತ್ರ. ಜೂನ್ ಮೊದಲ ವಾರ ಮಿರಗ ಕೂಡುತ್ತಲೇ ಹೀರೆ, ಸೋರೆ, ಕುಂಬಳ, ಅವರೆ, ಚವಳಿ ಬೀಜ ಊರುವುದು. ಕುಂಬಳದ ಬಳ್ಳಿಯನ್ನು ಮಾಳಿಗೆಯ ಮೇಲೆ ಹತ್ತಿಸುವುದು, ಅವರೆಯನ್ನು ಗೋಡೆಗೆ, ಹೀರೆಯನ್ನು ಬೇಲಿಗೆ. ಮಳೆಗಾಲದಲ್ಲಿ ಪೇಟೆಯ ಸಂತೆಗೆ ಹೋಗುವ ಅಗತ್ಯವೇ ಇಲ್ಲ. ಹೊಲದ ಕಳೆಯಲ್ಲೇ ಅರ್ಧ ಪಲ್ಯ ಸಿಗುತ್ತಿತ್ತು. ಹತ್ತರಕಿ, ಗೋಳಿ, ರಾಜಗಿರಿ ಎಂದು ಅವಳು ಕಳೆ ಕೀಳುವಾಗಲೇ ಎರಡು ಗುಂಪು ಮಾಡುತ್ತಿದ್ದಳು, ಒಂದು ದನಕ್ಕೆ, ಒಂದು ನಮಗೆ. ಪುಂಡಿ ಯಾವಾಗಲೂ ಇರಬೇಕು. ಹಸ್ತದ ಮಳೆ ಬಂದು ಹಿಂಗಾರಿನ ಬಿಳಿ ಜೋಳ ಬಿತ್ತುವಾಗ ಹಿತ್ತಲಿನ ಬೆಳೆಯೂ ಬದಲಾಗುತ್ತಿತ್ತು. ಮೆಂತ್ಯ, ಕೊತ್ತಂಬರಿ, ಮೂಲಂಗಿ, ಬದನೆ. ಬೇಸಿಗೆಯಲ್ಲಿ ಬಾವಿ ಇಳಿದಾಗ ಬಚ್ಚಲ ನೀರು ಹೋಗುವ ಕಡೆ ಪುದೀನ ಮಾತ್ರ.

ಬೀಜ ಇಡುವ ವಿಧಾನವೂ ಒಂದೊಂದಕ್ಕೆ ಒಂದೊಂದು. ಕುಂಬಳ, ಸೌತೆಯ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದಳು. ಅವರೆ, ತೊಗರಿಗೆ ಬೂದಿ. ಒಣಗಿದ ಹೀರೆಕಾಯಿ, ಸೋರೆಕಾಯಿಯನ್ನು ಹಾಗೇ ತೊಲೆಗೆ ತೂಗು ಹಾಕುವುದು, ಬೀಜ ಒಳಗೇ ಸುರಕ್ಷಿತ. ಜೋಳಕ್ಕೆ ಬೇವಿನ ಎಲೆ ಸೇರಿಸಿ ಹಗೇವು. ನೆಲದಡಿಯ ಆ ಕಣಜದ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ.

ಕೈ ಕೆಲಸ ಬೇಸಿಗೆಗೆ ಮೀಸಲು. ಹೊಲದಲ್ಲಿ ಕೆಲಸ ಕಡಿಮೆ, ಬಿಸಿಲು ಹೆಚ್ಚು. ಓಣಿಯ ಹೆಂಗಸರು ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡಿ ಶಾವಿಗೆ ಹೊಸೆಯುವುದು, ಗೋಧಿ ನೆನೆಸಿ ಕುರಡಿಗೆ ಒತ್ತುವುದು, ಹಪ್ಪಳ ಲಟ್ಟಿಸುವುದು. ಅದು ಮುಗಿದರೆ ಕೌದಿ. ಹಳೆಯ ಸೀರೆ, ಹರಿದ ಧೋತರ, ಕೂಸಿನ ಅಂಗಿ, ಎಲ್ಲವನ್ನೂ ಪದರ ಪದರವಾಗಿ ಹಾಸಿ ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುವುದು. ಯಾವ ತುಂಡಿನ ಪಕ್ಕ ಯಾವ ಬಣ್ಣ ಎಂದು ಅವರು ವಾದ ಮಾಡುತ್ತಿದ್ದುದನ್ನು ನಾನು ಕೇಳಿದ್ದೇನೆ. ಸತ್ತ ಅತ್ತೆಯ ಸೀರೆಯ ತುಂಡು ಕೂಸಿನ ಕೌದಿಯ ಮಧ್ಯಕ್ಕೆ ಬರಬೇಕು ಎಂದು ಒಬ್ಬಳು ಹಟ ಹಿಡಿದದ್ದು ನೆನಪಿದೆ. ಇದು ಹವ್ಯಾಸವೇ, ದುಡಿಮೆಯೇ? ಚಳಿಗೆ ಹೊದಿಕೆ ಬೇಕಿತ್ತು, ಹಾಗಾಗಿ ದುಡಿಮೆ. ಬಣ್ಣಕ್ಕೆ ವಾದ ಮಾಡುವ ಅಗತ್ಯ ಇರಲಿಲ್ಲ, ಆದರೂ ಮಾಡಿದರು. ಆ ಅಗತ್ಯವಿಲ್ಲದ ವಾದದಲ್ಲೇ ಅವರ ವಿನೋದ ಇತ್ತು ಎಂದು ನನಗೆ ಅನಿಸುತ್ತದೆ.

ಇದನ್ನೆಲ್ಲ ಸಿಹಿ ಮಾಡಿ ಹೇಳುವುದು ಸುಲಭ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಕೂತರೆ ಅಜ್ಜಿಗೆ ಸೂರ್ಯ ಹುಟ್ಟುವವರೆಗೂ ಏಳುವಂತಿರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಬೀಸುವ ಹಾಡು ಹೋಯಿತು ಎಂದು ನಾವು ಜಾನಪದದವರು ಮರುಗುತ್ತೇವೆ. ಅಜ್ಜಿ ಮರುಗಲಿಲ್ಲ. ಗಿರಣಿಯ ದೇವರು ಚೆನ್ನಾಗಿರಲಿ ಎಂದಳಂತೆ.

ಅವಳು ಯಾಕೆ ಬರೆಯಲಿಲ್ಲ? ಓದಲಿಲ್ಲ, ಅದಕ್ಕೆ. ಯಾಕೆ ಓದಲಿಲ್ಲ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಅವಳು ಹುಟ್ಟಿದಾಗ ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕನ್ನಡ, ಮರಾಠಿ, ತೆಲುಗು ಆಡುವ ಜನರ ಮೇಲೆ ಆಡಳಿತದ ಭಾಷೆ ಉರ್ದು. ಕಚೇರಿ, ಕೋರ್ಟು, ದಾಖಲೆ ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಆ ವಿಶ್ವವಿದ್ಯಾಲಯ ಒಂದು ಭಾರತೀಯ ಭಾಷೆಯಲ್ಲಿ ವಿಜ್ಞಾನವನ್ನೂ ಕಲಿಸಬಹುದು ಎಂದು ತೋರಿಸಿಕೊಟ್ಟದ್ದು ದೊಡ್ಡ ಕೆಲಸವೇ. ಆದರೆ ಭಾಲ್ಕಿಯ ಕನ್ನಡದ ಕೂಸಿಗೆ ತನ್ನ ಮಾತಿನ ಅಕ್ಷರ ಸಿಗಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಭಾಗದ ಪ್ರತಿ ಮನೆಗೂ ಗೊತ್ತು. ಅಂಥ ಶಾಲೆಗೆ ಹೋದವರು ಕೆಲವರು, ಅದರಲ್ಲಿ ಹೆಣ್ಣುಮಕ್ಕಳು ಇನ್ನೂ ಕೆಲವರು. ಅಜ್ಜಿಯ ತಮ್ಮ ಹೋದ, ಅಜ್ಜಿ ಹೋಗಲಿಲ್ಲ. ಇದಕ್ಕೆ ನಿಜಾಮನೊಬ್ಬನನ್ನೇ ದೂರುವಂತಿಲ್ಲ. ಹುಡುಗಿಗೆ ಯಾಕೆ ಅಕ್ಷರ ಎಂದವರು ಮನೆಯವರೇ.

ನಂತರ 1948. ಆ ವರ್ಷದ ಬಗ್ಗೆ ಅಜ್ಜಿ ಹೆಚ್ಚು ಮಾತಾಡಿದ್ದು ಬೀಜದ ಬಗ್ಗೆ. ರಜಾಕಾರರ ಹಾವಳಿಗೆ ಹೆದರಿ ಬೀದರ್ ಸೀಮೆಯ ಅನೇಕ ಕುಟುಂಬಗಳು ಗಡಿ ದಾಟಿ ಸೋಲಾಪುರದ ಕಡೆ ಹೋದವು. ನಮ್ಮವರೂ ಹೋದರು. ಗೋರ್ಟಾದಲ್ಲಿ ನಡೆದ ಹತ್ಯೆಯ ಸುದ್ದಿ ಬಂದ ಮೇಲೆ ಯಾರೂ ನಿಲ್ಲಲಿಲ್ಲ. ಹೊರಡುವಾಗ ಅಜ್ಜಿ ಬೀಜದ ಗಂಟುಗಳನ್ನು ಹಿಂದಿನ ಗೋಡೆಯಾಚೆಯ ಮನೆಯವಳ ಕೈಗೆ ಕೊಟ್ಟಳು. ಅದು ಮುಸಲ್ಮಾನರ ಮನೆ. ಗೋಡೆ ಒಂದೇ, ಅವರೆ ಬಳ್ಳಿ ಎರಡೂ ಕಡೆ ಹಬ್ಬಿ ಎರಡೂ ಮನೆಗೆ ಕಾಯಿ ಬಿಡುತ್ತಿತ್ತು. ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾಯಿತು. ನಮ್ಮವರು ಊರಿಗೆ ಮರಳಿದರು. ಆದರೆ ಆಗ ಹೊರಡುವ ಸರದಿ ಅವರದಾಗಿತ್ತು. ಪೊಲೀಸ್ ಕಾರ್ಯಾಚರಣೆಯ ನಂತರ ಈ ಭಾಗದಲ್ಲಿ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿ ದಾಖಲಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು ಎಂದಿತು. ಆ ಮನೆಯವಳು ಹೋಗುವ ಮುನ್ನ ಅಜ್ಜಿಯ ಗಂಟುಗಳ ಜೊತೆ ತನ್ನವನ್ನೂ ಸೇರಿಸಿ ಕೊಟ್ಟು ಹೋದಳು. ಎರಡು ವರ್ಷದ ನಂತರ ಅವರು ಮರಳಿದಾಗ ಅಜ್ಜಿ ಎರಡು ಬೆಳೆಯ ಬೀಜವನ್ನು ಅವಳಿಗೆ ಅಳೆದು ಕೊಟ್ಟಳಂತೆ. ನಾನು ಓದಿದ ಯಾವ ವರದಿಯಲ್ಲೂ ಈ ಸಾಲು ಇಲ್ಲ. ಇರುವ ಅಗತ್ಯವೂ ಆ ವರದಿಗಳಿಗೆ ಇರಲಿಲ್ಲ.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿದರು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಅಜ್ಜಿಯ ತಂಗಿಯನ್ನು ನಿಲಂಗಾಕ್ಕೆ ಕೊಟ್ಟಿದ್ದರು. ಒಂದೇ ಜಿಲ್ಲೆಯ ಅಕ್ಕ ತಂಗಿ ಬೇರೆ ಬೇರೆ ರಾಜ್ಯದವರಾದರು. ಅಲ್ಲಿ ಮರಾಠಿಯವರು ಇದೇ ಹಬ್ಬವನ್ನು ವೇಳಾ ಅಮಾವಾಸ್ಯೆ ಎನ್ನುತ್ತಾರೆ, ಆಡುಮಾತಿನಲ್ಲಿ ಯೇಳವಸ್. ಅದರಲ್ಲಿ ನಮ್ಮ ಎಳ್ಳ ಅಮಾವಾಸ್ಯೆ ಕಿವಿಗೆ ಬೀಳುತ್ತದೆ. ಭಜ್ಜಿ ಅದೇ, ಅಂಬಲಿಗೆ ಆಂಬೀಲ್ ಎನ್ನುತ್ತಾರೆ, ಹೊಲದ ಗೂಡಿನಲ್ಲಿ ಅದೇ ಪಾಂಡವರು.

ಭಜ್ಜಿಯ ಪಾತ್ರೆಯನ್ನೇ ಒಂದು ದಾಖಲೆ ಎಂದು ಓದಲು ನಾನು ಈಗ ಮಕ್ಕಳಿಗೆ ಹೇಳುತ್ತೇನೆ. ತೊಗರಿ ಈ ಉಪಖಂಡದ್ದೇ. ಕಡಲೆ ಪಶ್ಚಿಮ ಏಷ್ಯಾದಿಂದ ಬಂದದ್ದು. ಪಕ್ಕದಲ್ಲಿರುವ ರೊಟ್ಟಿಯ ಜೋಳ, ಕಡುಬಿನ ಸಜ್ಜೆ, ಎರಡರ ಮೂಲವೂ ಆಫ್ರಿಕಾ, ಬಂದು ಸಾವಿರಾರು ವರ್ಷವಾಯಿತು. ಖಾರ ಮಾತ್ರ ಹೊಸದು. ಸೋಮೇಶ್ವರನ ಅಡುಗೆಯಲ್ಲಿ ಕರಿಮೆಣಸು ಇತ್ತು, ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದ್ದು, ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕಿತು. ಹೊಸ ಕಾಯಿಗೆ ಹೆಸರಿಡುವಾಗ ನಮ್ಮವರು ಹಳೆಯ ಮೆಣಸಿನ ಹೆಸರಿಗೆ ಕಾಯಿ ಸೇರಿಸಿದರು. ಶೇಂಗಾ, ಟೊಮೆಟೊ ಕೂಡ ಅದೇ ದಾರಿಯಲ್ಲಿ ಬಂದವು. ಹೊರಗಿನದು ಬಂದಾಗ ಹಿತ್ತಲು ಅದನ್ನು ಬೇಡ ಎನ್ನಲಿಲ್ಲ. ಒಂದು ಮೂಲೆ ಕೊಟ್ಟು, ಬೀಜ ಇಟ್ಟುಕೊಂಡು, ಒಲೆಗೆ ತಂದಿತು.

ಹಾಗಾಗಿ ಸೋಯಾ ಹೊರಗಿನಿಂದ ಬಂದದ್ದು ಎಂಬುದು ನನ್ನ ದೂರಲ್ಲ. ಈಗ ಕರ್ನಾಟಕದಲ್ಲಿ ಸೋಯಾ ಅವರೆ ಬೆಳೆಯುವುದರಲ್ಲಿ ಬೀದರ್ ಮುಂಚೂಣಿಯ ಜಿಲ್ಲೆ. ಮುಂಗಾರಿನಲ್ಲಿ ನಮ್ಮೂರಿನ ಹೊಲಗಳನ್ನು ನೋಡಿದರೆ ಕಣ್ಣು ಹಾಯುವವರೆಗೂ ಅದೇ. ನಾಲ್ಕು ತಿಂಗಳಿಗೆ ಕೈಗೆ ದುಡ್ಡು ಬರುತ್ತದೆ, ನನ್ನ ತಮ್ಮನೂ ಅದನ್ನೇ ಬಿತ್ತುತ್ತಾನೆ, ಅವನ ಮಕ್ಕಳ ಫೀಸು ಅದರಿಂದಲೇ. ಆದರೆ ಅದರ ಒಂದು ಕಾಳೂ ಮನೆಯ ಒಲೆ ಹತ್ತುವುದಿಲ್ಲ. ಪೂರಾ ಚೀಲ ಮಾರುಕಟ್ಟೆಗೆ. ಹಿಂದೆ ಜೋಳದ ಸಾಲಿನ ನಡುವೆ ಅಕ್ಕಡಿ ಹಾಕುತ್ತಿದ್ದರು. ಮುಂಗಾರಿನಲ್ಲಿ ತೊಗರಿ, ಹೆಸರು, ಅವರೆ, ಪುಂಡಿ. ಹಿಂಗಾರಿನಲ್ಲಿ ಕಡಲೆ, ಅಗಸೆ, ದನ ನುಗ್ಗದಂತೆ ಸುತ್ತ ಮುಳ್ಳಿನ ಕುಸುಬೆ. ಆ ಅಕ್ಕಡಿ ಸಾಲು ಹೆಂಗಸರದು. ಅದರ ಬೀಜ ಅವರ ಕೈಯಲ್ಲಿ, ಅದರ ಕಾಳು ಅವರ ಡಬ್ಬಿಯಲ್ಲಿ. ಕಳೆನಾಶಕ ಹೊಡೆದ ಒಂದೇ ಬೆಳೆಯ ಹೊಲದಲ್ಲಿ ಅಕ್ಕಡಿಗೂ ಜಾಗವಿಲ್ಲ, ಹತ್ತರಕಿ ಪಲ್ಯಕ್ಕೂ ಜಾಗವಿಲ್ಲ. ಎಳ್ಳ ಅಮಾವಾಸ್ಯೆಗೆ ಹಸಿ ಕಡಲೆಯನ್ನು ಭಾಲ್ಕಿ ಸಂತೆಯಿಂದ ತರುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಹೊಲದವರು ಹೊಲದ ಹಬ್ಬಕ್ಕೆ ಸಂತೆಗೆ ಹೋಗುತ್ತಾರೆ.

ಬೀಜ ಹೋದರೆ ಬಳ್ಳಿಯೊಂದೇ ಹೋಗುವುದಿಲ್ಲ. ಅದನ್ನು ಯಾವ ಮಳೆಗೆ ಊರಬೇಕು, ಯಾವ ಗೋಡೆಗೆ ಹತ್ತಿಸಬೇಕು, ಎಳೆಯದಿದ್ದಾಗ ಏನು ಮಾಡಬೇಕು, ಬಲಿತಾಗ ಏನು ಮಾಡಬೇಕು ಎಂಬ ತಿಳಿವಳಿಕೆಯೂ ಹೋಗುತ್ತದೆ. ಅರಮನೆಯ ಅಡುಗೆ ಒಂಬತ್ತುನೂರು ವರ್ಷ ಉಳಿಯಿತು, ಯಾಕೆಂದರೆ ಅದು ಬರವಣಿಗೆಯಲ್ಲಿತ್ತು. ಅಜ್ಜಿಯದು ಬೀಜದಲ್ಲಿ ಮತ್ತು ಕೈಯಲ್ಲಿ ಇತ್ತು. ಬೀಜ ಡಬ್ಬಿ ಖಾಲಿಯಾಗುತ್ತಿದೆ, ಕೈಗೆ ವಯಸ್ಸಾಗುತ್ತಿದೆ.

ಅದಕ್ಕಾಗಿ ಮೂರು ವರ್ಷದಿಂದ ಬಿ.ಎ. ಮಕ್ಕಳಿಗೆ ಒಂದು ಕೆಲಸ ಕೊಡುತ್ತಿದ್ದೇನೆ. ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯ ಹೆಂಗಸೊಬ್ಬರ ಬಳಿ ಕೂತು ಒಂದು ಬೀಜ, ಒಂದು ಅಡುಗೆ, ಒಂದು ಕೈಕೆಲಸ, ಮೂರನ್ನು ಬರೆದು ತರಬೇಕು. ಹೇಳಿದವರ ಹೆಸರು ಮೇಲೆ ಇರಬೇಕು. ಮೊದಲ ವರ್ಷ ಹುಡುಗರು ಗೊಣಗಿದರು, ಪರೀಕ್ಷೆಗೆ ಬರುತ್ತದಾ ಸರ್ ಎಂದರು. ಔರಾದ್ ಕಡೆಯ ಒಬ್ಬಳು ಹುಡುಗಿ ಅವಳ ಅಜ್ಜಿಯಿಂದ ತಿನ್ನುವ ಹನ್ನೊಂದು ಕಳೆಗಳ ಪಟ್ಟಿ ತಂದಳು, ಅರ್ಧ ಹೆಸರು ಮರಾಠಿ, ಅರ್ಧ ಕನ್ನಡ, ಎಲೆಗಳನ್ನು ಒಣಗಿಸಿ ಪಕ್ಕದಲ್ಲಿ ಅಂಟಿಸಿದ್ದಳು. ಒಬ್ಬ ಹುಡುಗ ತನ್ನ ಮನೆಯ ಕೌದಿಯ ಒಂದೊಂದು ತುಂಡು ಯಾರ ಬಟ್ಟೆ ಎಂದು ಚಿತ್ರ ಬರೆದು ಗುರುತಿಸಿದ. ಇತಿಹಾಸದ ಉತ್ತರ ಪತ್ರಿಕೆಗಳನ್ನು ಇಷ್ಟು ಕುತೂಹಲದಿಂದ ನಾನು ಹಿಂದೆಂದೂ ಓದಿರಲಿಲ್ಲ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳೂ ಹಾಗೆ ಮಾಡಿ ನೋಡಬಹುದು. ಹೆಚ್ಚು ಹೊತ್ತಿನ ಕೆಲಸವಲ್ಲ, ಆದರೆ ಮುಂದಿನ ವರ್ಷಕ್ಕೆ ತಳ್ಳುವ ಕೆಲಸವೂ ಅಲ್ಲ.

ನನ್ನ ನೋಟ್‌ಬುಕ್ಕಿಗೂ ಒಂದು ಗತಿ ಬಂತು. ಅವ್ವನಿಗೆ ಎಪ್ಪತ್ತು ದಾಟಿದೆ. ಅವಳು ಮೈಸೂರು ರಾಜ್ಯದ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆವರೆಗೆ ಹೋದವಳು. ಕಳೆದ ಅಮಾವಾಸ್ಯೆಯ ಮರುದಿನ, ಅವಳ ಕೈಯನ್ನು ನೋಡಿ ನೋಡಿ ಬರೆದ ಭಜ್ಜಿಯ ಪುಟವನ್ನು ಅವಳ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅಕ್ಷರ ಕೂಡಿಸಿ ನಿಧಾನವಾಗಿ ಓದಿದಳು. ಪೂರ್ತಿ ಪುಟ ಓದಲು ಬಹಳ ಹೊತ್ತು ಹಿಡಿಯಿತು. ನಾನು ಮೆಚ್ಚುಗೆಗಾಗಿ ಕಾದು ಕೂತಿದ್ದೆ.

‘ಎಲ್ಲ ಬರ್ದಿ,’ ಎಂದಳು. ‘ಬಳ್ಳೊಳ್ಳಿ ಎಲ್ಲಿ ಹೋಯ್ತು?’

ಪೆನ್ನು ಕೇಳಿ ಪಡೆದು, ಪುಟದ ಕೆಳಗೆ ಅವಳೇ ಅದನ್ನು ಬರೆದಳು.